ಕೆಲ್ಲರ್ ಅವರ ಸ್ಪರ್ಶಲೋಕ

ಕಣ್ಣಿಲ್ಲದವರ ಸಾಧನೆಯು ಹಿರೇಕೆರೂರ ಸೀಮೆಯ ವಾಚಕರಿಗೆ ಅಪರಿಚಿತವಾದುದಲ್ಲ. ನೆರೆಯ ಹಾನಗಲ್ಲ ತಾಲೂಕಿನಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳೂ, 1914ರಲ್ಲಿ ಅದೇ ತಾಲೂಕಿನಲ್ಲಿ ಜನಿಸಿದ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳೂ ಅಂಧರಾಗಿದ್ದು ನಾದವಿದ್ಯೆಯಿಂದ ನಾಡನ್ನು ಬೆಳಗಿದರು. ಆದರೆ ಅವರಿಬ್ಬರಿಗೂ ಕಿವಿಯೇ ವಿದ್ಯೆಯ ಬಾಗಿಲಾಗಿದ್ದಿತು. ಆ ಬಾಗಿಲೂ ಮುಚ್ಚಿದರೆ ಅರಿವು ಯಾವ ದಾರಿಯಿಂದ ಒಳಗೆ ಬರಬೇಕು? ಈ ಪ್ರಶ್ನೆಗೆ ಸ್ವಾನುಭವದಿಂದ ಉತ್ತರವಿತ್ತ ಗ್ರಂಥಗಳಲ್ಲಿ ಹೆಲನ್ ಕೆಲ್ಲರ್ ಅವರು 1908ರಲ್ಲಿ ಪ್ರಕಟಿಸಿದ ‘ದಿ ವರ್ಲ್ಡ್ ಐ ಲಿವ್ ಇನ್’ ಎಂಬುದು ಮುಖ್ಯವಾದುದು.

1880ರಲ್ಲಿ ಅಮೇರಿಕೆಯ ಅಲಬಾಮಾ ಪ್ರಾಂತದಲ್ಲಿ ಜನಿಸಿದ ಕೆಲ್ಲರ್ ಅವರು ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಬೇನೆ ಬಿದ್ದು ದೃಷ್ಟಿ ಶ್ರವಣಗಳೆರಡನ್ನೂ ಕಳೆದುಕೊಂಡರು. 1903ರ ಅವರ ಆತ್ಮಕಥೆಯು ಲೋಕವಿಖ್ಯಾತವಾಗಿದೆ. ಅದು ಬಾಳಿನ ಸಂಗತಿಗಳನ್ನು ಹೇಳಿದರೆ, ಈ ಗ್ರಂಥವು ಉಳಿದ ಇಂದ್ರಿಯಗಳ ವ್ಯಾಪಾರವನ್ನು ಹೇಳುತ್ತದೆ. ಕೈಯನ್ನು ಕುರಿತ ಪ್ರಕರಣಗಳೇ ಇದರ ಜೀವಾಳ. ಹಿಡಿದ ಕೈಯಿಂದ ಮನುಷ್ಯನ ಸ್ವಭಾವವನ್ನು ಅಳೆಯುವುದು, ನೆಲದ ಕಂಪನದಿಂದ ಹೆಜ್ಜೆಯನ್ನು ಗುರುತಿಸುವುದು, ಬಿರುಮಳೆಯ ಬರವನ್ನು ವಾಸನೆಯಿಂದಲೇ ಮುಂದಾಗಿ ತಿಳಿಯುವುದು, ಇವೆಲ್ಲ ಇಲ್ಲಿ ಯಾವ ದೈನ್ಯವೂ ಇಲ್ಲದೆ ನಿರೂಪಿತವಾಗಿವೆ.

ಕಾಣದ ಬಣ್ಣವನ್ನೂ ಕೇಳದ ದನಿಯನ್ನೂ ವರ್ಣಿಸುವುದು ಎರವಲು ಮಾತಲ್ಲವೆ ಎಂಬ ಆಕ್ಷೇಪವುಂಟು. ಸ್ವತಃ ಅಂಧರಾಗಿದ್ದ ಮನಶ್ಶಾಸ್ತ್ರಜ್ಞ ಕಟ್ಸ್‌ಫರ್ತ್ ಅವರು 1933ರಲ್ಲಿ ಇದನ್ನು ಕಟುವಾಗಿಯೇ ಎತ್ತಿದರು. ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಸ್ಪರ್ಶವನ್ನು ಬಿಟ್ಟು ತತ್ತ್ವವಿಚಾರಕ್ಕೆ ತೊಡಗಿದ ಪುಟಗಳಲ್ಲಿ ಕೆಲ್ಲರ್ ಅವರ ಶೈಲಿಯು ಸಡಿಲವಾಗುವುದು ನಿಜ. ಆದರೆ ಕಡಲನ್ನು ಕಾಣದ ಕವಿಗಳೂ ಅಷ್ಟಾದಶ ವರ್ಣನೆಗಳಲ್ಲಿ ಸಮುದ್ರವನ್ನು ವರ್ಣಿಸಿದರಷ್ಟೆ. ಭಾಷೆಯು ಒಬ್ಬನ ಇಂದ್ರಿಯಗಳ ಸ್ವತ್ತಲ್ಲ, ಜನಸಮುದಾಯದ ಆಸ್ತಿ. ಅದರಲ್ಲಿ ತಮ್ಮ ಪಾಲನ್ನು ಕೇಳುವ ಅಧಿಕಾರ ಕೆಲ್ಲರ್ ಅವರಿಗೂ ಇದ್ದಿತು.

ಗ್ರಂಥದ ನಿಜವಾದ ಕೊರತೆ ಬೇರೆಯದು. ಇದೊಂದನ್ನೇ ಓದಿದವರಿಗೆ ಇದೆಲ್ಲವೂ ಏಕಾಕಿಯಾದ ಪ್ರತಿಭೆಯ ಪವಾಡವೆಂದು ತೋರಬಹುದು. ಆತ್ಮಕಥೆಯೊಡನೆ ಅಚ್ಚಾದ ಗುರು ಆನಿ ಸಲಿವನ್ ಅವರ ಪತ್ರಗಳನ್ನೂ ಓದಿದಾಗ ಆ ಭ್ರಮೆ ಅಳಿಯುತ್ತದೆ. 1887ರಲ್ಲಿ, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ಬಂದ ಆ ತರುಣಿಯು ಏಳು ವರ್ಷವೂ ತುಂಬದ ಬಾಲೆಯ ಅಂಗೈಯಲ್ಲಿ ಬೆರಳಿನಿಂದ ಅಕ್ಷರಗಳನ್ನು ಮೂಡಿಸಿದರು. ತಾಯಿಯು ಕೂಸಿನ ಕಿವಿಯಲ್ಲಿ ಮಾತಾಡುವಂತೆ, ಅರ್ಥವಾಗಲಿ ಬಿಡಲಿ, ಪೂರ್ಣ ವಾಕ್ಯಗಳನ್ನೇ ಆಡಿದರು. ಪವಾಡವೆಂಬುದು ಆ ದಿನನಿತ್ಯದ ಮಾತೇ.

ಈ ಗ್ರಂಥದ ಪ್ರಯೋಜನವು ದೂರದೇಶದ ಕುತೂಹಲಕ್ಕೆ ಮುಗಿಯತಕ್ಕುದಲ್ಲ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯದೆಯು ಅಂಧತೆ ಕಿವುಡುಗಳು ಕೂಡಿದ ಸ್ಥಿತಿಯನ್ನು ಹೆಸರಿಸಿ ಹೇಳಿದೆ. ಮುಪ್ಪಿನಲ್ಲಿ ಕಣ್ಣು ಮಂಜಾಗಿ ಕಿವಿ ಮಂದವಾದ ಹಿರಿಯರು ಊರೂರಲ್ಲಿಯೂ ಇದ್ದಾರೆ. ಅವರಿಗೆ ಹೊತ್ತಿಗೆ ಸರಿಯಾಗಿ ಊಟವನ್ನು ಬಡಿಸುವ ಮನೆಯವರೂ ಅವರೊಡನೆ ಮಾತನ್ನು ನಿಲ್ಲಿಸಿಬಿಡುವುದುಂಟು. ಬಂದವರ ಹೆಸರನ್ನು ಅವರ ಅಂಗೈಯ ಮೇಲೆ ಬೆರಳಿನಿಂದ ನಿಧಾನವಾಗಿ ಬರೆದು ತಿಳಿಸುವುದು ಯಾವ ಮನೆಗೂ ಅಸಾಧ್ಯವಾದುದಲ್ಲ. ಅಷ್ಟನ್ನು ಕಲಿಸಿದರೂ ಈ ಪುಸ್ತಕವನ್ನು ಓದಿದ ಶ್ರಮವು ಸಾರ್ಥಕವಾಗುವುದು.