ಸೊಂಟದ ಮೇಲಿನ ಕಿರ್ದಿ

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ, ಗುರುವಾರ ಮೆಣಸಿನಕಾಯಿ ವಹಿವಾಟಿನ ಭರ. ಆ ದಿನ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವ ನನ್ನ ಬೆರಳುಗಳು ಮಧ್ಯಾಹ್ನದೊಳಗೆ ಕೆಂಪಗಾಗಿರುತ್ತವೆ. ಶುಗರ್ ನೋಡಲು ಅದೇ ಬೆರಳನ್ನು ಚುಚ್ಚಿಕೊಂಡರೆ ಬಣ್ಣ ಯಾವುದು, ರಕ್ತ ಯಾವುದು ಎಂದು ತಿಳಿಯುವುದಿಲ್ಲ. ನಮ್ಮ ಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು ಎಂಬುದು ಊರಿನ ಹೆಮ್ಮೆ. 2011ರಲ್ಲಿ ಅದಕ್ಕೆ ಜಿಐ ಮಾನ್ಯತೆಯೂ ಬಂತು. ಸೂಜಿಯ ತೂತಿಗೆ ಆ ಕಡಿಮೆ ಖಾರವೇ ಸಾಕು, ಕಣ್ಣಲ್ಲಿ ನೀರು. ಹೀಗಾಗಿ ರಾಣೇಬೆನ್ನೂರಿನಿಂದ ದಿನವೂ ಇಲ್ಲಿಗೆ ಬರುವ ನಾನು ಸೆನ್ಸರ್ ಇರುವ ಇನ್ಸುಲಿನ್ ಪಂಪನ್ನು ಅಳೆಯಲು ಶುರುಮಾಡುವುದೇ ಬೆರಳಿನಿಂದ: ಚುಚ್ಚುವುದು ಕಡಿಮೆಯಾಯಿತು, ಆ ಮಟ್ಟಿಗೆ ಅದಕ್ಕೆ ಶರಣು.

ಉಳಿದದ್ದನ್ನು ಮಾತ್ರ ತೂಕಕ್ಕೆ ಹಾಕಿಯೇ ನೋಡಬೇಕು. 1963ರಲ್ಲಿ ಅಮೆರಿಕದ ಆರ್ನಾಲ್ಡ್ ಕಾಡಿಶ್ ಮಾಡಿದ ಮೊದಲ ಪಂಪು ಬೆನ್ನಿಗೆ ಹೊರುವ ಚೀಲದಷ್ಟಿತ್ತು. ಈಗಿನದು ಸೊಂಟದ ಪಟ್ಟಿಯಲ್ಲಿ ಕೂರುತ್ತದೆ. ಒಳಗೆ ಇರುವುದು ಬೇಗ ಕೆಲಸ ಮಾಡುವ ಒಂದೇ ಬಗೆಯ ಇನ್ಸುಲಿನ್. ಅದನ್ನು ಹನಿಹನಿಯಾಗಿ ದಿನವಿಡೀ ಬಿಟ್ಟರೆ ಬೇಸಲ್, ಊಟಕ್ಕೆ ಒಮ್ಮೆಲೇ ಬಿಟ್ಟರೆ ಬೋಲಸ್. ದಿನಕ್ಕೆ ಒಟ್ಟು 36 ಯೂನಿಟ್ ಬೇಕಾದವನಿಗೆ ಆರಂಭದ ಲೆಕ್ಕ ಸರಳ: 500ನ್ನು 36ರಿಂದ ಭಾಗಿಸಿದರೆ ಒಂದು ಯೂನಿಟ್ಟಿಗೆ ಸುಮಾರು 14 ಗ್ರಾಂ ಕಾರ್ಬೋಹೈಡ್ರೇಟ್, 1800ನ್ನು ಭಾಗಿಸಿದರೆ ಒಂದು ಯೂನಿಟ್ ಇಳಿಸುವ ಸಕ್ಕರೆ 50. ಇವು ಮೊದಲ ದಿನದ ಅಂದಾಜು ಪಟ್ಟಿ ಅಷ್ಟೇ. ಪಂಪಿನ ಪರದೆಯ ಮೇಲೆ ಕೂತ ಮೇಲೆ ಮಾತ್ರ ಇವಕ್ಕೆ ಶಾಸನದ ಗತ್ತು ಬಂದುಬಿಡುತ್ತದೆ, ತಿದ್ದಲು ಕೈ ಹೆದರುತ್ತದೆ.

ಆಮೇಲೆ ಪಂಪು ಕೇಳುತ್ತದೆ: ಎಷ್ಟು ಗ್ರಾಂ? ಬಿಸ್ಕತ್ತಿನ ಪೊಟ್ಟಣದ ಹಿಂದೆ ಅದು ಅಚ್ಚಾಗಿರುತ್ತದೆ. ಜೋಳದ ರೊಟ್ಟಿಯ ಹಿಂದೆ ಏನಿರುತ್ತದೆ, ಹೆಂಚಿನ ಕರಿ. ಒಂದು ಭಾನುವಾರ ತೂಕದ ಯಂತ್ರ ತಂದು ಅವ್ವನ ಮುಂದಿಟ್ಟೆ. "ಹಿಟ್ಟು ತೂಗಿ ಯಾರರ ರೊಟ್ಟಿ ಬಡೀತಾರೇನೋ ಯಪ್ಪಾ" ಎಂದಳು, ಆದರೂ ಬಡಿದಳು. ಮೊದಲ ಮುದ್ದೆಗೆ 48 ಗ್ರಾಂ ಹಿಟ್ಟು ಹೋಗಿತ್ತು, ಮೂರನೆಯದಕ್ಕೆ 61. ಜೋಳದ ಹಿಟ್ಟಿನಲ್ಲಿ ನೂರಕ್ಕೆ ಸುಮಾರು 70 ಭಾಗ ಕಾರ್ಬೋಹೈಡ್ರೇಟ್. ಅಲ್ಲಿಗೆ ಎರಡು ರೊಟ್ಟಿಗಳ ನಡುವೆಯೇ 9 ಗ್ರಾಂ ಅಂತರ, ನನ್ನ ಲೆಕ್ಕದಲ್ಲಿ ಅರ್ಧ ಯೂನಿಟ್ಟಿಗೂ ಹೆಚ್ಚು. ಬೇಸಲನ್ನು ಗಂಟೆಗೆ 0.025 ಯೂನಿಟ್ಟಿನ ನಯದಲ್ಲಿ ತಿದ್ದಬಲ್ಲ ಯಂತ್ರಕ್ಕೆ ಅವ್ವನ ಅಂಗೈ ಕೊಡುವ ಉತ್ತರ ಇದು. ಯಂತ್ರದ ಆ ನಯವನ್ನು ನಾನು ಅಲ್ಲಗಳೆಯುವುದಿಲ್ಲ, ಬೆಳಗಿನ ಜಾವ ಅದು ಬೇಕೇ ಬೇಕು. ಊಟದ ಹೊತ್ತಿಗೆ ಮಾತ್ರ ಬಂಗಾರ ತೂಗುವ ತಕ್ಕಡಿಯಲ್ಲಿ ಚೀಲದ ಕಾಯಿ ತೂಗಿದ ಹಾಗೆ.

ಊಟದ ವಿಷಯದಲ್ಲಿ ಪಂಪಿನ ನಿಜವಾದ ಜಾಣತನ ಬೇರೆ ಕಡೆ ಇದೆ. ಸಂಜೆ ಗಿರ್ಮಿಟ್ ಮತ್ತು ಮಿರ್ಚಿ ತಿನ್ನಿ. ಗಿರ್ಮಿಟ್ಟಿನ ಮಂಡಕ್ಕಿ ಅರ್ಧ ಗಂಟೆಯಲ್ಲಿ ಸಕ್ಕರೆಯನ್ನು ಏರಿಸುತ್ತದೆ; ಮಿರ್ಚಿಯ ಎಣ್ಣೆ ಜಠರವನ್ನು ನಿಧಾನಿಸಿ ಮುಂದಿನ ಮೂರು ತಾಸು ಅದನ್ನು ಮೇಲೆಯೇ ಹಿಡಿದಿಡುತ್ತದೆ. ಇಂಜೆಕ್ಷನ್ನಿನಲ್ಲಿ ಒಂದೇ ಸಲ ಹಾಕಿದರೆ ಮೊದಲು ಕುಸಿತ, ಆಮೇಲೆ ಏರಿಕೆ. ಪಂಪಿನ ಡ್ಯುಯಲ್ ವೇವ್ ಬೋಲಸ್ ಇಂಥದ್ದಕ್ಕೆಂದೇ ಇದೆ: ಒಂದು ಪಾಲು ಈಗಲೇ ನಗದು, ಉಳಿದದ್ದು ಎರಡು-ಮೂರು ತಾಸಿನ ಕಂತು. ಹಾವೇರಿ ಸೀಮೆಯ ಯಾರೋ ಸಂಜೆ ತಿಂಡಿ ತಿಂದು ಕೂತು ಇದನ್ನು ಕಂಡುಹಿಡಿದಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅದಕ್ಕೇ ಮಿನಿಮೆಡ್ 780ಜಿಯಂಥ ಪಂಪಿನ ಆಟೋ ವ್ಯವಸ್ಥೆಯ ಬಗ್ಗೆ ನನ್ನ ತಕರಾರು. ಅದು ಐದು ನಿಮಿಷಕ್ಕೊಮ್ಮೆ ಸೆನ್ಸರ್ ನೋಡಿ ಬೇಸಲ್ ಬದಲಿಸುತ್ತದೆ, ಬೇಕಾದರೆ ತಾನೇ ತಿದ್ದುಪಡಿ ಬೋಲಸ್ ಕೊಡುತ್ತದೆ. 100, 110, 120, ಈ ಮೂರರಲ್ಲಿ ಒಂದು ಗುರಿ ಹೇಳಿದರೆ ಸಾಕು. ರಾತ್ರಿ ಇದರ ಸಮಕ್ಕೆ ಯಾವುದೂ ಇಲ್ಲ. ಮೂರು ಗಂಟೆಗೆ ಎದ್ದು ಬೆಲ್ಲ ಹುಡುಕುವ ಪ್ರಸಂಗಗಳು ನಮ್ಮ ಮನೆಯಲ್ಲಿ ವಿರಳವಾದವು. ಆದರೆ ಆಟೋ ಹಾಕಿದ ಕೂಡಲೇ ಡ್ಯುಯಲ್ ವೇವ್ ಮಾಯ, ಬೇಸಲನ್ನು ಕೆಲ ತಾಸು ಇಳಿಸಿಡುವ ಟೆಂಪ್ ಬೇಸಲ್ ಮಾಯ. ಅದು ತನ್ನ ಲೆಕ್ಕ ಕಟ್ಟುವುದು ಹಿಂದಿನ ಕೆಲವು ದಿನಗಳ ಒಟ್ಟು ಇನ್ಸುಲಿನ್ ನೋಡಿ. ನನ್ನ ವಾರಕ್ಕೋ ಎರಡು ಮುಖ. ಪೇಟೆಯ ದಿನ ಚೀಲಗಳ ಸಾಲಿನ ನಡುವೆ ಹತ್ತಾರು ಸಾವಿರ ಹೆಜ್ಜೆ, ಉಳಿದ ದಿನ ಗಾದಿಯ ಮೇಲೆ ಕೂತ ಕೆಲಸ. ಯಂತ್ರ ಎರಡನ್ನೂ ಕಲಸಿ ಒಂದು ಸರಾಸರಿ ತೆಗೆಯುತ್ತದೆ, ಡಬ್ಬಿ ಕಾಯಿಯನ್ನೂ ಕಡ್ಡಿ ಕಾಯಿಯನ್ನೂ ಒಂದೇ ಲಾಟಿಗೆ ಸುರಿದ ಹಾಗೆ. ಪೇಟೆಯ ದಿನಕ್ಕೆ ಅದು ಕೊಡುವ ಒಂದೇ ಗುಂಡಿ 150ರ ತಾತ್ಕಾಲಿಕ ಗುರಿ. ಅದನ್ನು ಬಸ್ಸು ಮೋಟೆಬೆನ್ನೂರು ದಾಟುವ ಮೊದಲೇ ಒತ್ತಿರಬೇಕು. ಮಾರುಕಟ್ಟೆಗೆ ಇಳಿದ ಮೇಲೆ ಒತ್ತಿದರೆ ತಡವಾಯಿತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸೆಟ್ಟಿಂಗ್ ಪರದೆಯ ಮೇಲೆ ಸಪ್ಪಗೆ ಕಾಣುತ್ತದೆ: ಆಕ್ಟಿವ್ ಇನ್ಸುಲಿನ್ ಟೈಮ್. ಹಿಂದೆ ಹಾಕಿದ ಬೋಲಸ್ ಇನ್ನೂ ಎಷ್ಟು ಮೈಯಲ್ಲಿದೆ ಎಂಬ ಚಾಲ್ತಿ ಬಾಕಿಯನ್ನು ಪಂಪು ಎಣಿಸುವುದು ಈ ಅವಧಿ ಹಿಡಿದು. ಬೇಗ ಕೆಲಸ ಮಾಡುವ ಇನ್ಸುಲಿನ್ನೂ ಮೈಯಲ್ಲಿ ನಾಲ್ಕು ತಾಸಿನ ಹತ್ತಿರ ಇರುತ್ತದೆ. ಆಟೋದಲ್ಲಿ ಬಿರುಸಿನ ತಿದ್ದುಪಡಿಗೆಂದು ಇದನ್ನು 2 ತಾಸಿಗೆ ಇಡುವ ರೂಢಿಯುಂಟು, ಅಲ್ಲಿ ಕಾವಲಿಗೆ ಸೆನ್ಸರ್ ಇರುತ್ತದೆ. ಒಮ್ಮೆ ಸೆನ್ಸರಿನ ಅವಧಿ ಮುಗಿದು ಕೈಲೆಕ್ಕಕ್ಕೆ ಬಂದಿದ್ದೆ, ಎರಡು ತಾಸನ್ನು ತಿದ್ದುವುದು ಮರೆತಿದ್ದೆ. ಊಟವಾಗಿ ಎರಡೂವರೆ ತಾಸಿಗೆ 240. ಬಾಕಿ ಎಷ್ಟು ಎಂದರೆ ಪಂಪು ಸೊನ್ನೆ ತೋರಿಸಿತು. ನಂಬಿ ಇನ್ನೊಂದು ಬೋಲಸ್ ಹಾಕಿದೆ. ಸಂಜೆ ಐದಕ್ಕೆ ತೂಕದ ಚೀಟಿಯ ಮೇಲಿನ ಅಂಕಿಗಳು ಇರುವೆಗಳಂತೆ ಹರಿದಾಡತೊಡಗಿದವು. ಅಂಗಡಿಯ ಹುಡುಗ ಕಬ್ಬಿನಹಾಲು ತಂದು ಕುಡಿಸಿದ. "ಸಾವಕಾರ್ರ, ಸಾವಕಾಶ" ಎನ್ನುತ್ತಿದ್ದುದಷ್ಟೇ ನೆನಪು. ತಪ್ಪು ನನ್ನದೇ. ಸಂದಾಯವಾಗದ ಬಾಕಿಯನ್ನು ಕಿರ್ದಿಯಿಂದ ಹೊಡೆದುಹಾಕಿದ್ದೆ. ಅಂಗಡಿಯಲ್ಲಾಗಿದ್ದರೆ ಕೆಲಸ ಹೋಗುತ್ತಿತ್ತು.

ಹಾವೇರಿಯ ಮದುವೆಗಳದ್ದು ಇನ್ನೊಂದು ಪಾಠ. ಊಟಕ್ಕೆ ಹದಿನೈದು ನಿಮಿಷ ಮುಂಚೆ ಬೋಲಸ್ ಹಾಕಿ ಎನ್ನುತ್ತಾರೆ ಡಾಕ್ಟರು. ಪಂಕ್ತಿ ಯಾವಾಗ ಏಳುತ್ತದೆಂದು ಬೀಗರಿಗೇ ಗೊತ್ತಿರುವುದಿಲ್ಲ. ಎಲೆಯ ಮೇಲೆ ಉಪ್ಪು ಬೀಳುವವರೆಗೆ ನಾನು ಗುಂಡಿ ಮುಟ್ಟುವುದಿಲ್ಲ. ಹೋಳಿಗೆ, ತುಪ್ಪ ಇದ್ದರೆ ಆಟೋಗೆ ಊಟವನ್ನು ಎರಡು ಕಂತಿನಲ್ಲಿ ಬರೆಸುತ್ತೇನೆ. ಇದು ನನ್ನ ಡಾಕ್ಟರಿಗೆ ಅಷ್ಟಾಗಿ ಒಪ್ಪಿಗೆಯಿಲ್ಲ, ಬೇರೆಯವರಿಗೆ ನಾನೂ ಹೇಳುವುದಿಲ್ಲ.

ಕೊಳ್ಳಲು ಲಕ್ಷಗಳ ಲೆಕ್ಕ, ಮೇಲೆ ತಿಂಗಳ ಸಾಮಾನಿನ ಖರ್ಚು, ಪರದೆಯೆಲ್ಲ ಇಂಗ್ಲಿಷು. ಇವು ಎಲ್ಲರಿಗೂ ಗೊತ್ತಿರುವ ಕೊರತೆಗಳು. ಪರದೆ ಹೇಳದ ಇನ್ನೊಂದಿದೆ. ಪಂಪಿಗೆ ತುಂಬುವುದು ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್. ನಮ್ಮ ಔಷಧಿ ಅಂಗಡಿಗಳಲ್ಲಿ ಸುಲಭಕ್ಕೆ ಸಿಗುವ ಸೀಸೆ 40ರದ್ದು. ಅದನ್ನು ತುಂಬಿದರೆ ಪಂಪು 10 ಎಂದು ಬರೆದುಕೊಂಡು 4 ಕೊಡುತ್ತದೆ, ಯಾವ ಸೆಟ್ಟಿಂಗೂ ಅದನ್ನು ಹಿಡಿಯಲಾರದು. ಏಪ್ರಿಲ್ ಬಿಸಿಲಲ್ಲಿ ಬೈಕಿನ ಡಿಕ್ಕಿಯಲ್ಲಿಟ್ಟ ಸೀಸೆಯದೂ ಇದೇ ಕಥೆ, ಪರದೆಯಲ್ಲಿ ಎಲ್ಲ ಸರಿ, ಮೈಯಲ್ಲಿ 350. ಮನೆಯಲ್ಲಿ ಕರೆಂಟು ಹೋದಾಗಿನ ಆಸರೆಗೆ ನೀರಿನ ಮಡಕೆಯೊಳಗೆ ಇನ್ಸುಲಿನ್ ಡಬ್ಬಿ ಇಟ್ಟಿದ್ದೇವೆ.

ಇನ್ನು ಬೆವರು. ಹೋದ ಗುರುವಾರ ಹನ್ನೊಂದರ ಸುಮಾರಿಗೆ ಟೇಪು ಬಿಚ್ಚಿ, ಚರ್ಮದೊಳಗೆ ಇನ್ಸುಲಿನ್ ಬಿಡುವ ನಳಿಕೆ ಹೊರಬಂದಿತ್ತು, ಇನ್ಸುಲಿನ್ ಅಂಗಿಗೆ ಇಳಿಯುತ್ತಿತ್ತು. ಆಟೋ ಪಾಪ, ಐದೈದು ನಿಮಿಷಕ್ಕೆ ಅಂಗಿಗೇ ಡೋಸು ಹೆಚ್ಚಿಸುತ್ತಿತ್ತು. ಪಂಪಿನಲ್ಲಿ ನಿಧಾನದ ಇನ್ಸುಲಿನ್ ಇರುವುದಿಲ್ಲ; ಕೆಲವೇ ತಾಸು ತಪ್ಪಿದರೂ ಕೀಟೋನ್ ಏರುತ್ತದೆ. ಮೂರು ಸಲ ಸೋಪು ಹಚ್ಚಿ ಕೈ ತೊಳೆದು, ಗಾದಿಯ ಹಿಂದೆ ಗೋಡೆಗೆ ಮುಖಮಾಡಿ ನಿಂತು, ಚೀಲದಲ್ಲಿದ್ದ ಇನ್ಸುಲಿನ್ ಪೆನ್ನಿನಿಂದ ಆರು ಯೂನಿಟ್ ಹಾಕಿಕೊಂಡೆ. ಹೊಸ ನಳಿಕೆ ಚುಚ್ಚಿದ ಜಾಗ ಸಂಜೆಯವರೆಗೂ ಉರಿಯುತ್ತಿತ್ತು. ಮೂರು ಸಲ ತೊಳೆದರೂ ಉಗುರುಸಂದಿಯ ಮೆಣಸು ಹೋಗಿರಲಿಲ್ಲ.