ಘಾಜಿ ಮುಳುಗಿತು, ವಿಕ್ರಾಂತ್ ಏನು ಮಾಡಿತು?

ಫರೀದಾಬಾದಿನ ನಮ್ಮ ಮನೆಯಲ್ಲಿ ಕಳೆದ ಭಾನುವಾರ ‘ದಿ ಘಾಜಿ ಅಟ್ಯಾಕ್’ (2017) ಮತ್ತೊಮ್ಮೆ ನೋಡಿದೆವು. ಮುಗಿದ ಮೇಲೆ ಮಗ ಕೇಳಿದ: “ಅಪ್ಪಾ, ಅಷ್ಟೆಲ್ಲ ಕಷ್ಟಪಟ್ಟು ಉಳಿಸಿದ್ರಲ್ಲ, ಆ ವಿಕ್ರಾಂತ್ ಆಮೇಲೆ ಏನ್ ಮಾಡ್ತು?” ಸಿನಿಮಾದ ಕತೆ ಅಲ್ಲಿಯವರೆಗೆ ಹೋಗುವುದಿಲ್ಲ. ನನ್ನ ತಕರಾರು ಶುರುವಾಗುವುದು ಅಲ್ಲೇ.

ನಿರ್ದೇಶಕ ಸಂಕಲ್ಪ್ ರೆಡ್ಡಿ ಸಬ್‌ಮೆರೀನಿನ ಉಸಿರುಗಟ್ಟಿಸುವ ಇಕ್ಕಟ್ಟನ್ನು ಚೆನ್ನಾಗಿ ಕಟ್ಟಿದ್ದಾರೆ. ಸಿಡುಕಿನ ಕ್ಯಾಪ್ಟನ್ (ಕೇ ಕೇ ಮೆನನ್) ಮತ್ತು ನಿಯಮ ಬಿಡದ ಅಧಿಕಾರಿ (ರಾಣಾ) ನಡುವೆ ಸಿಕ್ಕಿಕೊಂಡವನಾಗಿ ನಮ್ಮ ಬೆಳಗಾವಿಯ ಅತುಲ್ ಕುಲಕರ್ಣಿ ಕಡಿಮೆ ಮಾತಿನಲ್ಲೇ ಗೆಲ್ಲುತ್ತಾರೆ. ಸಬ್‌ಮೆರೀನುಗಳ ಕಾಳಗ ಮಾತ್ರ ಕಲ್ಪನೆ. ನಮ್ಮ ನೌಕಾಪಡೆಯ ಪ್ರಕಾರ 1971ರ ಡಿಸೆಂಬರ್ 3ರ ರಾತ್ರಿ ಘಾಜಿಯನ್ನು ಮುಳುಗಿಸಿದ್ದು ಐಎನ್‌ಎಸ್ ರಜಪೂತ್ ಎಂಬ ಹಳೆಯ ಡಿಸ್ಟ್ರಾಯರ್. ಪಾಕಿಸ್ತಾನ ಅದನ್ನು ಅಪಘಾತ ಎನ್ನುತ್ತದೆ. ಕಲ್ಪನೆಗೆ ನನ್ನ ಅಡ್ಡಿಯಿಲ್ಲ. ಆದರೆ ಆಜ್ಞೆ ಮೀರುವುದು, ಅಬ್ಬರಿಸುವುದು, ರಾಷ್ಟ್ರಗೀತೆ ಹಾಡುವುದು ಇಷ್ಟೇ ಶೌರ್ಯವೇ?

ಮಗನಿಗೆ ಸಿಗಬೇಕಿದ್ದ ಉತ್ತರ ಬೇರೆ. 1970ರಲ್ಲೇ ವಿಕ್ರಾಂತ್‌ನ ಬಾಯ್ಲರಿನಲ್ಲಿ ಬಿರುಕು ಕಂಡಿತ್ತು. 25 ನಾಟ್ ವೇಗಕ್ಕೆ ಕಟ್ಟಿದ ಹಡಗು ಅದರ ಹತ್ತಿರಕ್ಕೂ ಹೋಗುವಂತಿರಲಿಲ್ಲ. ವೇಗವಿಲ್ಲದಿದ್ದರೆ ಡೆಕ್ಕಿನ ಮೇಲೆ ಎದುರುಗಾಳಿ ಸಾಲದು. ಗಾಳಿ ಸಾಲದಿದ್ದರೆ ವಿಮಾನ ಏಳದು. ಬಾಯ್ಲರಿನ ಒತ್ತಡ ಇಳಿಸಿ, ಮತ್ತೆ ಮತ್ತೆ ಪರೀಕ್ಷೆ ಮಾಡಿ, ಎಷ್ಟರ ಮಟ್ಟಿಗೆ ನಂಬಬಹುದು ಎಂದು ಅಳೆದು ನೋಡಿದರು. ಡಿಸೆಂಬರ್ 4ರ ಬೆಳಿಗ್ಗೆ ಅದೇ ಡೆಕ್ಕಿನಿಂದ ಎಂಟು ಸೀ ಹಾಕ್ ಫೈಟರ್ ಬಾಂಬರುಗಳು ಎದ್ದು ಕಾಕ್ಸ್ ಬಜಾರ್ ಮೇಲೆ ಎರಗಿದವು. ಅದೇ ದಿನ ಚಿತ್ತಗಾಂಗ್ ಬಂದರಿನ ಸರದಿ ಬಂತು. ಗಡುವು ಹತ್ತಿರ ಬಂದಾಗ ದೋಷ ಮುಚ್ಚಿಟ್ಟು ‘ಎಲ್ಲ ಹಸಿರು’ ಎಂದು ವರದಿ ಬರೆಯುವುದನ್ನು ಕಂಡಿರುವ ನನ್ನಂಥ ಪ್ರಾಜೆಕ್ಟ್ ಮ್ಯಾನೇಜರಿಗೆ ಇದಕ್ಕಿಂತ ರೋಚಕ ಕತೆ ಬೇಕಿಲ್ಲ: ಬಿರುಕನ್ನು ಒಪ್ಪಿಕೊಂಡೇ ಹೊರಟವರು ಇವರು.

ಸಿನಿಮಾದ ಇನ್ನೊಂದು ಬಡತನ, ಎದುರಾಳಿಯನ್ನು ಬರೀ ಖಳನನ್ನಾಗಿಸಿದ್ದು. ಪೂರ್ವ ಪಾಕಿಸ್ತಾನದಲ್ಲಿದ್ದ ಗನ್‌ಬೋಟುಗಳ ಪೈಕಿ ‘ರಾಜಶಾಹಿ’ ಪೆಟ್ಟು ತಿಂದರೂ ದಿಗ್ಬಂಧನದಿಂದ ತಪ್ಪಿಸಿಕೊಂಡು ಮಲೇಷ್ಯಾ ಸೇರಿತು. ಆ ನಾವಿಕರಿಗೂ ಒಂದು ಕತೆಯಿದೆ. ಅದನ್ನು ಹೇಳಿದ್ದರೆ ನಮ್ಮ ಗೆಲುವೇನೂ ಸಣ್ಣದಾಗುತ್ತಿರಲಿಲ್ಲ. ಎದುರಿಗಿದ್ದವನು ಬೊಂಬೆಯಾದರೆ ಅವನನ್ನು ಗೆದ್ದವನೂ ಬೊಂಬೆಯೇ.

ವಿಕ್ರಾಂತ್ 1997ರಲ್ಲಿ ಸೇವೆ ಮುಗಿಸಿ, ಮುಂಬೈಯಲ್ಲಿ ಮ್ಯೂಸಿಯಮ್ಮಾಗಿ ನಿಂತು, 2014ರಲ್ಲಿ ಗುಜರಿಗೆ ಹೋಯಿತು. ಅದರ ಲೋಹ ಬೆರೆಸಿದ ಬಜಾಜ್ ವಿ ಬೈಕುಗಳು 2016ರಲ್ಲಿ ರಸ್ತೆಗಿಳಿದವು. ಹಡಗನ್ನು ಸಿನಿಮಾದಲ್ಲಿ ಉಳಿಸಿದೆವು, ಬೈಕಿನ ಟ್ಯಾಂಕಿನಲ್ಲಿ ಉಳಿಸಿದೆವು. ಬಾಯ್ಲರಿನ ಮುಂದೆ ಬೆವರು ಸುರಿಸಿದವರ ಕತೆ ಬರೆಯುವುದು ಇನ್ನೂ ಬಾಕಿಯಿದೆ. ಮಗನಿಗೆ ಸದ್ಯಕ್ಕೆ ನಾನೇ ಹೇಳಿದೆ. ಸಿನಿಮಾ ನೋಡುವಾಗ ಇದ್ದಷ್ಟೇ ಆಸಕ್ತಿಯಿಂದ ಕೇಳಿದ.