ಬಾಗಿಲಲ್ಲಿ ನಿಂತ ಅಲ್ಲಮ: ಗೂಳೂರಿನ ಶೂನ್ಯಸಂಪಾದನೆಯೊಳಗಿನ ಮನಶ್ಶಾಸ್ತ್ರ

ಬಸವಣ್ಣ ಲಿಂಗಪೂಜೆಯಲ್ಲಿ ಮುಳುಗಿದ್ದಾನೆ. ಸೊನ್ನಲಿಗೆಯಿಂದ ಸಿದ್ಧರಾಮನನ್ನು ಕರೆದುಕೊಂಡು ಬಂದ ಅಲ್ಲಮಪ್ರಭು ಕಲ್ಯಾಣದ ಮಹಾಮನೆಯ ಬಾಗಿಲಲ್ಲಿ ನಿಂತಿದ್ದಾನೆ. ಒಳಗಿರುವವನು ಪೂಜೆ ಬಿಟ್ಟು ಏಳುತ್ತಿಲ್ಲ. ಹೊರಗಿರುವವನು ಯಾರೋ ಬಂದು ಕರೆದ ಮಾತ್ರಕ್ಕೆ ಒಳಗೆ ಬರುವವನಲ್ಲ. ಕೊನೆಗೆ ಚೆನ್ನಬಸವಣ್ಣ ನಡುವೆ ಬರುತ್ತಾನೆ. ಜಂಗಮ ಬಾಗಿಲಲ್ಲಿರುವಾಗ ಲಿಂಗದ ಮುಂದೆ ಕೂತಿರುವುದು ಎಂಥ ಪೂಜೆ ಎಂದು ಸೋದರಮಾವನನ್ನೇ ಎಚ್ಚರಿಸುತ್ತಾನೆ.

ಅಂತರಂಗದ ಹುಡುಕಾಟವನ್ನು ಕೊಂಡಾಡುವ ಬರಹ ಬೇಕಾದಷ್ಟಿದೆ. ಆ ಹುಡುಕಾಟವೇ ಕಣ್ಣಿಗೆ ಪರದೆಯಾದೀತು ಎಂದು ತನ್ನ ನಾಯಕನನ್ನೇ ನಿಲ್ಲಿಸಿ ತೋರಿಸುವ ಕೃತಿ ಅಪರೂಪ. ಗೂಳೂರು ಸಿದ್ಧವೀರಣ್ಣೊಡೆಯ ಜೋಡಿಸಿದ ಶೂನ್ಯಸಂಪಾದನೆಗೆ ಆ ಧೈರ್ಯವಿದೆ. ಮನಸ್ಸಿನ ಆಳದ ಬಗ್ಗೆ ಮಾತಾಡುವ ಇಂದಿನವರು ಈ ಕೃತಿಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾದ ಮೊದಲ ಕಾರಣವೂ ಅದೇ.

ತುಮಕೂರಿನಿಂದ ಕುಣಿಗಲ್ ದಾರಿ ಹಿಡಿದರೆ ಸಿಗುವ ಗೂಳೂರು ಇಂದು ಹೆಚ್ಚಿನವರಿಗೆ ಮಣ್ಣಿನ ದೊಡ್ಡ ಗಣಪನ ಊರು. ಹದಿನಾರನೆಯ ಶತಮಾನದಲ್ಲಿ ಈ ಸುತ್ತಿನ ನೆಲದಲ್ಲಿ ನಡೆದದ್ದು ಸಣ್ಣ ಕೆಲಸವಲ್ಲ. ಕುಣಿಗಲ್ ಸೀಮೆಯ ಕಗ್ಗೆರೆಯ ತೋಟದಲ್ಲಿ ತಪಸ್ಸಿಗೆ ಕೂತು, ಎಡೆಯೂರಿನಲ್ಲಿ ನೆಲೆನಿಂತ ತೋಂಟದ ಸಿದ್ಧಲಿಂಗ ಯತಿಗಳ ಬಳಿ ವಿರಕ್ತರ ದೊಡ್ಡ ಬಳಗವೇ ನೆರೆದಿತ್ತು. ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ ಭಾವಚಿಂತಾರತ್ನವನ್ನೂ 1530ರಲ್ಲಿ ವೀರಶೈವಾಮೃತ ಪುರಾಣವನ್ನೂ ಬರೆದ. ಅದೇ ಗುಬ್ಬಿ ಸೀಮೆಯ ಹಾಗಲವಾಡಿಯಲ್ಲಿ ನಾಯಕರು ಪಾಳೆಯಪಟ್ಟು ಕಟ್ಟಿ ಆಳಿದರು. ಒಂದು ಕಡೆ ಕೋಟೆಗಳು ಏಳುತ್ತಿದ್ದ ಕಾಲದಲ್ಲಿ ಇನ್ನೊಂದು ಕಡೆ ಕೆಲವರು ಕೂತು ನಾಲ್ಕು ನೂರು ವರ್ಷ ಹಳೆಯ ಮಾತುಗಳನ್ನು ಒಟ್ಟುಗೂಡಿಸುತ್ತಿದ್ದರು. ಸಿದ್ಧಲಿಂಗರ ಶಿಷ್ಯಪರಂಪರೆಯ ಸಿದ್ಧವೀರಣ್ಣೊಡೆಯ ಆ ಕೆಲವರಲ್ಲಿ ಒಬ್ಬ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯದೇವ, ಗುಮ್ಮಳಾಪುರದ ಸಿದ್ಧಲಿಂಗ ಯತಿ ಇವರ ನಂತರ ಬಂದ ನಾಲ್ಕನೆಯ ಶೂನ್ಯಸಂಪಾದನೆ ಅವನದು. ಸುಮಾರು 1500 ವಚನಗಳನ್ನು ಅವನು ಪ್ರಶ್ನೆ–ಉತ್ತರವಾಗಿ, ಜಗಳವಾಗಿ, ಸಾಂತ್ವನವಾಗಿ ಎದುರುಬದುರು ಕೂರಿಸಿದ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1965ರಿಂದ 1972ರವರೆಗೆ ಐದು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದದ್ದು ಈ ಪಾಠವನ್ನೇ.

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ ಹೆಸರನ್ನು ಇಲ್ಲಿ ತರುವುದು ಬಲವಂತದ ಜೋಡಣೆಯಲ್ಲ. 1937ರ ಕೊನೆಯಲ್ಲಿ ಭಾರತಕ್ಕೆ ಬಂದ ಯೂಂಗ್, ಕಲ್ಕತ್ತೆಯಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿನ ಬೆಳ್ಳಿಹಬ್ಬದ ಅತಿಥಿಯಾಗಿದ್ದ. ಅದೇ ಪ್ರವಾಸದಲ್ಲಿ ಮೈಸೂರಿಗೂ ಬಂದು ಮಹಾರಾಜರ ಗುರು ವಿ. ಸುಬ್ರಹ್ಮಣ್ಯ ಅಯ್ಯರ್ ಅವರ ಅತಿಥಿಯಾಗಿ ಉಳಿದ. ಅವರೊಡನೆ ಆಳವಾದ ಚರ್ಚೆ ನಡೆಯಿತೆಂದು ಆತ್ಮಕಥನದಲ್ಲಿ ನೆನೆದಿದ್ದಾನೆ. ಪ್ರವಾಸದುದ್ದಕ್ಕೂ ಅವನ ಕೈಯಲ್ಲಿದ್ದದ್ದು ಯುರೋಪಿನ ರಸವಿದ್ಯೆಯ ಲ್ಯಾಟಿನ್ ಗ್ರಂಥ. ಭಾರತದ ಸಾಧು ಸಂತರನ್ನು ಅವನು ಬೇಕೆಂದೇ ಹುಡುಕಿಕೊಂಡು ಹೋಗಲಿಲ್ಲ. ತನ್ನದಲ್ಲದ ಸತ್ಯವನ್ನು ಸಾಲ ತರಬಾರದು ಎಂಬ ಆ ಹಟದಲ್ಲಿ ಪ್ರಾಮಾಣಿಕತೆಯಿದೆ, ನಷ್ಟವೂ ಇದೆ. ಅನ್ಯರ ಅನುಭಾವವನ್ನು ಎರವಲು ತಂದು ಆಡುವವರನ್ನು ಕಂಡರೆ ಸಿಡುಕುತ್ತಿದ್ದ ಅಲ್ಲಮನ ಮಾತು ಯಾವುದಾದರೂ ರೂಪದಲ್ಲಿ ಅವನಿಗೆ ತಲುಪಿದ್ದರೆ, ಇಬ್ಬರ ಹಟ ಒಂದೇ ಜಾತಿಯದೆಂದು ಅವನಿಗೆ ತಿಳಿಯುತ್ತಿತ್ತು.

ಯೂಂಗನ ಬೆಳಕು ಶೂನ್ಯಸಂಪಾದನೆಯ ಮೇಲೆ ಎಲ್ಲಿ ಚೆನ್ನಾಗಿ ಬೀಳುತ್ತದೆ ಎಂದರೆ ಸಿದ್ಧರಾಮನ ಪ್ರಸಂಗದಲ್ಲಿ. ಸಿದ್ಧರಾಮ ಕೆರೆ ಕಟ್ಟಿಸುವವನು, ಗುಡಿ ಎತ್ತಿಸುವವನು, ಊರಿಗೆಲ್ಲ ಬೇಕಾದವನು. ಅಲ್ಲಮ ಸೊನ್ನಲಿಗೆಗೆ ಬಂದವನೇ ಅವನನ್ನು ಒಡ್ಡರಾಮ ಎಂದು ಕೂಗಿ ಹಂಗಿಸುತ್ತಾನೆ. ಕೆಲಸದವರು ಸಿಟ್ಟೆದ್ದು ಕಲ್ಲು ಬೀರುತ್ತಾರೆ. ಸುದ್ದಿ ತಿಳಿದು ಓಡಿಬಂದ ಸಿದ್ಧರಾಮ ಉರಿಗಣ್ಣು ತೆರೆಯುತ್ತಾನೆ. ಬೆಂಕಿ ಅಲ್ಲಮನನ್ನು ಸುಡುವುದಿಲ್ಲ. ಲೋಕೋಪಕಾರಿಯ ಎದೆಯಲ್ಲಿ ಅಷ್ಟೊಂದು ಬೆಂಕಿ ಎಲ್ಲಿತ್ತು? ಒಳ್ಳೆಯತನ ತನ್ನದೆಂದು ನಂಬಿದವನು ಒಪ್ಪಿಕೊಳ್ಳಲಾರದೆ ಕತ್ತಲಿಗೆ ತಳ್ಳಿದ್ದನ್ನೆಲ್ಲ ಯೂಂಗ್ ನೆರಳು ಎಂದು ಕರೆದ. ಆ ನೆರಳನ್ನು ಎದುರುಗೊಳ್ಳದೆ ವ್ಯಕ್ತಿ ಇಡಿಯಾಗಲಾರ ಎಂಬುದು ಅವನ ಚಿಂತನೆಯ ನಡುಗಂಬ. ಸಿದ್ಧರಾಮನ ನೆರಳು ಹೊರಬರಲು ಒಂದು ಬೈಗುಳ ಸಾಕಾಯಿತು. ಇಲ್ಲಿ ಸಂಪಾದಕನ ಕೈಚಳಕ ಮೆಚ್ಚುವಂಥದ್ದು: ಮೊದಲು ಕೋಪ ಉರಿದು ಮುಗಿಯಬೇಕು, ಆಮೇಲೆಯೇ ಮಾತು ಶುರು. ಉಪದೇಶ ಮೊದಲು ಬಂದಿದ್ದರೆ ಸಿದ್ಧರಾಮ ತಲೆಯಾಡಿಸಿ ಕೆರೆಯ ಕೆಲಸಕ್ಕೆ ಮರಳುತ್ತಿದ್ದ.

ಮುಕ್ತಾಯಕ್ಕನ ಪ್ರಸಂಗ ಇನ್ನೂ ಆಳದ್ದು. ತಂಗಿಯೊಬ್ಬಳು ಸತ್ತ ಅಣ್ಣನಿಗಾಗಿ ಅಳುತ್ತಿದ್ದಾಳೆ. ಆ ಅಣ್ಣ ಅಜಗಣ್ಣ, ತನ್ನ ಭಕ್ತಿಯನ್ನು ಯಾರಿಗೂ ತೋರದಂತೆ ಬಚ್ಚಿಟ್ಟುಕೊಂಡು ಬದುಕಿದವನು. ಅವಳಿಗೆ ಅಣ್ಣನೂ ಅವನೇ, ಗುರುವೂ ಅವನೇ. ದಾರಿಯಲ್ಲಿ ಬಂದ ಅಲ್ಲಮ ಅವಳ ದುಃಖವನ್ನು ಪ್ರಶ್ನಿಸುತ್ತಾನೆ. ಸಾಧಾರಣ ಪುರಾಣದಲ್ಲಾದರೆ ದೇಹ ನಶ್ವರವೆಂಬ ಎರಡು ಮಾತಿಗೆ ಅವಳು ಕಣ್ಣೊರೆಸಿಕೊಳ್ಳಬೇಕಿತ್ತು. ಮುಕ್ತಾಯಕ್ಕ ಹಾಗೆ ಬಗ್ಗುವುದಿಲ್ಲ. ಅರಿತವನ ಮಾತು ಅಡಗಿರಬೇಕಲ್ಲ, ನೀನೇಕೆ ಇಷ್ಟು ಮಾತಾಡುತ್ತೀಯೆ ಎಂದು ಅಲ್ಲಮನಿಗೇ ತಿರುಗಿ ಕೇಳುತ್ತಾಳೆ. ಸಾಂತ್ವನ ಹೇಳಲು ಬಂದವನು ತನ್ನನ್ನು ತಾನು ಸಮರ್ಥಿಸಿಕೊಳ್ಳಬೇಕಾಗುತ್ತದೆ. ದುಃಖಿತರ ಜೊತೆ ಕೂತು ಕೆಲಸ ಮಾಡುವ ಯಾವ ಆಪ್ತಸಮಾಲೋಚಕರಿಗೂ ಈ ಅಧ್ಯಾಯ ಪಠ್ಯವಾಗಬಹುದು.

ನೋವಿನಿಂದ ಪೂರ್ತಿ ಬಿಡುಗಡೆ ಮನುಷ್ಯನಿಗೆ ಸಾಧ್ಯವಿಲ್ಲ ಎಂಬ ನಿಲುವನ್ನು ಯೂಂಗ್ ಸುಬ್ರಹ್ಮಣ್ಯ ಅಯ್ಯರ್ ಅವರಿಗೆ ಬರೆದ ಕಾಗದದಲ್ಲಿ ಹಿಡಿದಿದ್ದ. ಮುಕ್ತಾಯಕ್ಕ ಹೆಚ್ಚುಕಡಿಮೆ ಅವನ ಪಕ್ಷದವಳಾಗಿ ಶುರುಮಾಡುತ್ತಾಳೆ. ಆದರೆ ಪ್ರಸಂಗ ಮುಗಿಯುವ ರೀತಿಯಲ್ಲಿ ತೊಡಕಿದೆ. ಅಷ್ಟು ಗಟ್ಟಿಯಾಗಿ ವಾದಿಸಿದವಳು ಕೊನೆಗೆ ಅಲ್ಲಮನ ನಿಲುವನ್ನು ಒಪ್ಪಿ ಬಯಲಾಗುವುದು ಓದುಗನಿಗೆ ತುಸು ಅವಸರದ್ದೆನಿಸುತ್ತದೆ. ಅವಳ ಪ್ರಶ್ನೆಯ ತೂಕಕ್ಕೆ ಸಿಕ್ಕ ಉತ್ತರದ ತೂಕ ಸಮನಾಗಿಲ್ಲ.

ಇದು ಇಡೀ ಕೃತಿಯ ಕೊರತೆಯೂ ಹೌದು. ಅಲ್ಲಮ ಎಲ್ಲಿಯೂ ಸೋಲುವುದಿಲ್ಲ. ಗೋರಕ್ಷನ ವಜ್ರದೇಹಕ್ಕೆ ಕತ್ತಿ ಬಿದ್ದರೆ ಠಣ್ಣೆನ್ನುತ್ತದೆ, ಅಲ್ಲಮನ ದೇಹದೊಳಗೆ ಅದೇ ಕತ್ತಿ ಗಾಳಿಯಲ್ಲಿ ಬೀಸಿದಂತೆ ಹಾದುಹೋಗುತ್ತದೆ. ದೃಶ್ಯವಾಗಿ ಅದ್ಭುತ. ಮೈಯನ್ನೇ ಕವಚ ಮಾಡಿಕೊಂಡ ಸಾಧನೆಯ ಬಗ್ಗೆ ಇದಕ್ಕಿಂತ ಚುರುಕಾದ ಟೀಕೆ ಸಿಗುವುದು ಕಷ್ಟ. ಆದರೆ ಗಾಯವೇ ಆಗದ ಗುರುವಿನಿಂದ ಗಾಯಗೊಂಡವರು ಕಲಿಯುವುದೇನು ಎಂಬ ಪ್ರಶ್ನೆ ಉಳಿಯುತ್ತದೆ. ಯೂಂಗ್ ತನ್ನ ಒಳಬಿರುಕಿನ ವರ್ಷಗಳಲ್ಲಿ ಬರೆದ, 2009ರಲ್ಲಷ್ಟೇ ಬೆಳಕು ಕಂಡ ಕೆಂಪು ಪುಸ್ತಕದಲ್ಲಿ ಅವನು ಹೆದರುತ್ತಾನೆ, ತನ್ನ ಬುದ್ಧಿ ನೆಟ್ಟಗಿದೆಯೇ ಎಂದು ಸಂಶಯಪಡುತ್ತಾನೆ. ಅಂಥ ಅಲುಗಾಟ ಗೂಳೂರಿನವನ ಅಲ್ಲಮನಿಗಿಲ್ಲ. ಗುಹೇಶ್ವರ ಅಂಕಿತದ ವಚನಗಳನ್ನೇ ಬಿಡಿಯಾಗಿ ಓದಿದಾಗ ಕೇಳುವ ದಿಗ್ಭ್ರಮೆ, ಬೆರಗು, ಒಂಟಿತನ ಇಲ್ಲಿ ವಾದದ ಗೆಲುವಿನಡಿ ಮುಚ್ಚಿಹೋಗುತ್ತವೆ. ಮೂಲದಲ್ಲಿ ಬೇರೆ ಬೇರೆ ಹೊತ್ತಿನಲ್ಲಿ ಹುಟ್ಟಿದ ವಚನಗಳನ್ನು ಸಂವಾದಕ್ಕೆ ಹೊಂದಿಸಿದ ಸಂಪಾದಕ ತೆತ್ತ ಬೆಲೆ ಅದು. ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆ ಕೊಡಿಸುವ, ಮೊದಲ ಸಂಪಾದನೆಯಲ್ಲಿಲ್ಲದ ಪ್ರಸಂಗಕ್ಕೂ ಈ ಕೃತಿ ಜಾಗ ಕೊಟ್ಟಿದೆ. ಅಲ್ಲಿ ಮತದ ಅಗತ್ಯ ಮನಸ್ಸಿನ ಸತ್ಯವನ್ನು ಪಕ್ಕಕ್ಕೆ ಸರಿಸಿದೆ. ತುಂಬಿದ ಸಭೆಯಲ್ಲಿ ಅಕ್ಕಮಹಾದೇವಿ ತನ್ನ ಮೈಗೆ ಹೊದ್ದ ಕೂದಲಿಗೂ ಉತ್ತರ ಹೇಳಬೇಕಾಗಿ ಬರುವುದನ್ನು ಪರೀಕ್ಷೆಯೆಂದು ಒಪ್ಪಿಕೊಂಡು ಮುಂದೆ ಸಾಗುವುದು ಇಂದಿನ ಓದುಗರಿಗೆ ಸುಲಭವಲ್ಲ, ಆಗಬೇಕಾಗಿಯೂ ಇಲ್ಲ.

ಯೂಂಗನ ಅಳತೆಗೋಲು ಸೋಲುವ ಜಾಗವೂ ಇದೆ. ನಾನು ಎಂಬುದಿಲ್ಲದ ಎಚ್ಚರವನ್ನು ಕಲ್ಪಿಸಿಕೊಳ್ಳಲೇ ಆಗದು ಎಂದು ಅವನು ಟಿಬೆಟಿನ ಗ್ರಂಥವೊಂದರ ಮೇಲಿನ ವ್ಯಾಖ್ಯಾನದಲ್ಲಿ ಹೇಳಿದ್ದ. ಅಲ್ಲಮ ಕೇಳುವುದು ಆ ಎಚ್ಚರವನ್ನೇ. ಇಬ್ಬರದೂ ಒಂದೇ ಎಂದು ಹೇಳಿ ಕೈತೊಳೆದುಕೊಳ್ಳುವ ತೌಲನಿಕ ಲೇಖನಗಳು ಇಬ್ಬರಿಗೂ ಅನ್ಯಾಯ ಮಾಡುತ್ತವೆ. ಇನ್ನೊಂದು ದೂರವೂ ಇದೆ. ಯೂಂಗನ ಪಯಣ ಒಬ್ಬ ರೋಗಿ, ಒಬ್ಬ ವೈದ್ಯ, ಮುಚ್ಚಿದ ಕೋಣೆಯದು. ನಮ್ಮ ನವ್ಯ ಕಾದಂಬರಿಯೂ ಒಳಮನಸ್ಸನ್ನು ಒಂಟಿ ಮನುಷ್ಯನಲ್ಲೇ ಹುಡುಕಿತು. ಚಿತ್ತಾಲರ ‘ಶಿಕಾರಿ’ಯ ನಾಗಪ್ಪ ಮುಂಬಯಿಯ ನಡುವೆ ಎಷ್ಟು ಒಬ್ಬಂಟಿ! ಶೂನ್ಯಸಂಪಾದನೆಯಲ್ಲಿ ಒಳಗಿನ ಬದಲಾವಣೆ ನಡೆಯುವುದು ಊಟದ ಪಂಕ್ತಿಯಲ್ಲಿ, ಕೆರೆಯ ಏರಿಯ ಮೇಲೆ, ನಾಲ್ಕು ಜನರೆದುರಿಗೆ. ಮರುಳಶಂಕರದೇವ ಮಹಾಮನೆಯಲ್ಲೇ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಪ್ರಸಾದ ಉಂಡು ಬದುಕಿದ್ದ. ಅಲ್ಲಮ ಗುರುತಿಸಿದ ಮೇಲೆ ಬಸವಣ್ಣ ಪಡುವ ಸಂಕಟದಲ್ಲಿ ಮನೆಯೊಂದಕ್ಕೇ ನೆರಳಿರಬಹುದು ಎಂಬ ತಿಳಿವಿದೆ. ಇಷ್ಟೊಂದು ಜನರಿಗೆ ಅನ್ನ ಹಾಕುವ ಮನೆ ಒಬ್ಬನನ್ನು ಕಾಣಲಿಲ್ಲ. ಸಮುದಾಯದ ಕುರುಡನ್ನು ಇಷ್ಟು ನೇರವಾಗಿ ಎತ್ತಿಕೊಂಡ ಭಾಗ ಯೂಂಗನ ಚಿಕಿತ್ಸಾ ಬರಹಗಳಲ್ಲಿ ಹುಡುಕಿದರೆ ಸಿಗುವುದು ಕಡಿಮೆ.

ಹೊಸದಾಗಿ ಓದುವವರು ಮೊದಲ ಅಧ್ಯಾಯದಿಂದ ಶುರುಮಾಡಬೇಕಿಲ್ಲ. ಆಯ್ದಕ್ಕಿ ಮಾರಯ್ಯನ ಪ್ರಸಂಗಕ್ಕೆ ನೇರ ಹೋಗಬಹುದು. ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ಮಾಡುವ ಮಾರಯ್ಯ ಅಲ್ಲಮನೊಡನೆ ಅನುಭಾವದ ಮಾತಿಗೆ ಕೂತು ಕಾಯಕದ ಹೊತ್ತನ್ನೇ ಮರೆಯುತ್ತಾನೆ. ನೆನಪಿಸುವವಳು ಹೆಂಡತಿ ಲಕ್ಕಮ್ಮ. ಆಮೇಲೆ ಅವನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಮಿಕ್ಕದ್ದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸುವವಳೂ ಅವಳೇ. ಇಲ್ಲಿ ತಿದ್ದುವ ಕೆಲಸ ಅಲ್ಲಮನಿಂದ ಜಾರಿ ಅಕ್ಕಿ ಅಳೆಯುವ ಹೆಂಗಸಿನ ಕೈಗೆ ಬಂದಿದೆ. ಗೂಳೂರಿನ ಸಂಪಾದಕ ತನ್ನ ಗೆಲ್ಲುವ ನಾಯಕನನ್ನು ಬದಿಗಿಟ್ಟು ಬೇರೆಯವರಿಗೆ ಮಾತು ಬಿಟ್ಟುಕೊಟ್ಟ ಇಂಥ ಕಡೆಗಳಲ್ಲಿ ಕೃತಿಯ ಉಸಿರಾಟ ಸಲೀಸಾಗಿದೆ, ಗಂಡ ಹೆಂಡಿರ ಮಾತಿಗೆ ಮನೆಯೊಳಗಿನ ಬಿಸಿಯಿದೆ, ಮತ್ತು ಲಕ್ಕಮ್ಮನಿಗೆ ಯಾರೂ ಪರೀಕ್ಷೆ ಒಡ್ಡುವುದಿಲ್ಲ.